ಕಾಂಗ್ರೆಸ್ ಗಿಡ, ಸೀನು ಮತ್ತು ಸೂಜಿಮದ್ದು

ಮುಂಗಾರು ಎರಡು ಹದ ಮಳೆ ಸುರಿಸಿದರೆ ಸಾಕು, ಮೈಸೂರಿನ ಹೊಸ ಬಡಾವಣೆಗಳ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಮೊಣಕಾಲುದ್ದ ಎದ್ದು ನಿಲ್ಲುತ್ತದೆ. ಬೋಗಾದಿ, ದಟ್ಟಗಳ್ಳಿ, ರಿಂಗ್ ರಸ್ತೆಯ ಇಕ್ಕೆಲ, ಎಲ್ಲೆಲ್ಲೂ ಅದೇ. ದಸರಾ ಬರುವ ಹೊತ್ತಿಗೆ ಅದರ ತಲೆತುಂಬ ಸಣ್ಣ ಬಿಳಿ ಹೂ. ಅದೇ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಹಾಸಿಗೆಯಿಂದ ಏಳುತ್ತಿದ್ದಂತೆ ಒಂದರ ಹಿಂದೊಂದು ಸೀನು, ಕಣ್ಣಿನ ನವೆ, ನಲ್ಲಿ ಬಿಟ್ಟಂತೆ ಸೋರುವ ಮೂಗು. ‘ಹವಾ ಬದಲಾಯ್ತಲ್ಲ, ಶೀತ ಆಗಿದೆ’ ಎಂದು ಮನೆಯವರು ಮೆಣಸಿನ ಕಷಾಯ ಕುದಿಸುತ್ತಾರೆ. ಕಷಾಯ ಕುಡಿದ ಮೇಲೂ ವಾರಗಟ್ಟಲೆ ಹೋಗದ, ಜ್ವರವೇ ಇಲ್ಲದ ಈ ಶೀತಕ್ಕೆ ಕಾರಣ ಹುಡುಕಿದ, ಮದ್ದನ್ನು ಪರೀಕ್ಷೆಗೆ ಒಡ್ಡಿದ ಕಥೆ ಲಂಡನ್, ದೆಹಲಿ, ಬೆಂಗಳೂರು, ಧಾರವಾಡಗಳನ್ನು ಹಾದು ಮೈಸೂರಿಗೆ ಬಂದು ಮುಟ್ಟುತ್ತದೆ.

ಪಾರ್ಥೇನಿಯಂ ಎಂಬ ಶಾಸ್ತ್ರೀಯ ಹೆಸರಿನ ಈ ಗಿಡ ನಮ್ಮ ನೆಲದ್ದಲ್ಲ. ಮೆಕ್ಸಿಕೊ ಕೊಲ್ಲಿಯ ಸುತ್ತಿನ ನಾಡುಗಳದ್ದು. ಅಮೆರಿಕದಿಂದ ಬಂದ ಗೋಧಿಯ ಮೂಟೆಗಳಲ್ಲಿ ಇದರ ಬೀಜ ಸೇರಿ ಬಂತು ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಭಾರತದಲ್ಲಿ ಇದು ಬೇರುಬಿಟ್ಟಿರುವುದನ್ನು ಸಸ್ಯಶಾಸ್ತ್ರಜ್ಞರು ಗುರುತಿಸಿದ್ದು 1955ರಲ್ಲಿ, ಪುಣೆಯಲ್ಲಿ. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಅದು ಕರ್ನಾಟಕದ ರಸ್ತೆಬದಿ, ಗೋಮಾಳ, ಹೊಲದ ಬದುಗಳನ್ನು ಆವರಿಸಿಬಿಟ್ಟಿತ್ತು. 1975ರಲ್ಲಿ ರಾಜ್ಯ ಸರ್ಕಾರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ ಇದನ್ನು ಉಪದ್ರವಕಾರಿ ಕಳೆ ಎಂದು ಘೋಷಿಸಿತು. ಕಾಗದದ ಮೇಲೆ ಪ್ರತಿ ಜಮೀನುದಾರನೂ ತನ್ನ ನೆಲದ ಗಿಡವನ್ನು ಕೀಳಬೇಕಿತ್ತು. ಒಂದೊಂದು ಗಿಡವೂ ಹದಿನೈದು, ಇಪ್ಪತ್ತೈದು ಸಾವಿರ ಬೀಜ ಉದುರಿಸುವಾಗ ಕಾಯ್ದೆ ಏನು ಮಾಡೀತು?

ಮೊದಲು ಏಟು ಬಿದ್ದದ್ದು ಚರ್ಮಕ್ಕೆ. ಕಳೆ ಕೀಳುವವರ, ದನ ಮೇಯಿಸುವವರ ಮುಖ, ಕತ್ತು, ಮುಂಗೈಗಳಲ್ಲಿ ಚರ್ಮ ಕೆಂಪಗಾಗಿ ದಪ್ಪಗಟ್ಟುತ್ತಿತ್ತು. 1974ರಲ್ಲಿ ಲೋಣ್ಕರ್, ಮಿಚೆಲ್ ಮತ್ತು ಕಲ್ನಾನ್ ಎಂಬ ವೈದ್ಯರು ಇದನ್ನು ವಿವರವಾಗಿ ದಾಖಲಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪಿ.ವಿ. ಸುಬ್ಬರಾವ್ ಈ ಗಿಡದ ಬೆನ್ನು ಹತ್ತಿದರು. 1977ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಅಧ್ಯಯನ, ಮೂರು ತಿಂಗಳಿಂದ ಒಂದು ವರ್ಷದವರೆಗೆ ಗಿಡದ ಒಡನಾಟದಲ್ಲಿದ್ದ 300 ಜನರನ್ನು ನೋಡಿತು. ಚರ್ಮರೋಗ ಬಂದಿದ್ದದ್ದು ನೂರಕ್ಕೆ 4 ಮಂದಿಗೆ ಮಾತ್ರ. ಆದರೆ ಇನ್ನೂ ನೂರಕ್ಕೆ 56 ಮಂದಿಯ ದೇಹ, ಹೊರಗೆ ಏನೂ ತೋರದೆಯೇ, ಗಿಡದ ವಿರುದ್ಧ ಒಳಗೊಳಗೇ ಸಜ್ಜಾಗಿತ್ತು.

ಗಿಡವನ್ನು ಮುಟ್ಟದವರ ಪಾಡೇನು? ಬೆಂಗಳೂರು ವಿಶ್ವವಿದ್ಯಾಲಯದ ಕಾಂಚನ್ ಮತ್ತು ಜಯಚಂದ್ರ 1980ರಲ್ಲಿ ಲೆಕ್ಕ ಹಾಕಿದಂತೆ, ಒಂದು ಗಿಡ ಸರಾಸರಿ 62 ಕೋಟಿಗೂ ಹೆಚ್ಚು ಪರಾಗದ ಕಣಗಳನ್ನು ತಯಾರಿಸುತ್ತದೆ. ಅವರು ಹುಡುಕುತ್ತಿದ್ದದ್ದು ಈ ಪರಾಗ ಪಕ್ಕದ ಬೆಳೆಗಳಿಗೆ ಮಾಡುವ ಹಾನಿಯನ್ನು. ಮರುವರ್ಷ ಸೀತಾರಾಮಯ್ಯ, ವಿಶ್ವನಾಥ್ ಮತ್ತು ಸುಬ್ಬರಾವ್ ಗಾಳಿಯಲ್ಲಿ ತೇಲುವ ಪಾರ್ಥೇನಿಯಂ ಪರಾಗದ ಸಮೀಕ್ಷೆ ಪ್ರಕಟಿಸಿದರು. ಇದರ ಪರಾಗ ಬಿಡಿಬಿಡಿಯಾಗಿಯಷ್ಟೇ ಅಲ್ಲ, ಗೊಂಚಲು ಗೊಂಚಲಾಗಿಯೂ ಹಾರುತ್ತದೆ. ಉಸಿರಾಡುವವರೆಲ್ಲರ ಮೂಗಿಗೂ ಅದು ತಲುಪುತ್ತಿತ್ತು.

ಮೂಗಿನ ಮಾತಿಗೆ ಬರುವುದಕ್ಕೆ ಮೊದಲು ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. ಮೈಸೂರಿನಲ್ಲಿ ಎದೆರೋಗದ ವೈದ್ಯಕೀಯ ಶುರುವಾದದ್ದು ಕ್ಷಯದಿಂದ. ಕ್ಷಯದಲ್ಲಿ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ 1921ರಲ್ಲಿ ತೆರೆಯಿತು. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಈ ಊರಿಗೆ ಬಂದು ಕೆ.ಆರ್. ಆಸ್ಪತ್ರೆಯ ಜೊತೆ ನೆಲೆಯಾಯಿತು. ರಕ್ತ ಕೆಮ್ಮುವವರು ಸಾಲುಗಟ್ಟಿ ಕಾಯುತ್ತಿದ್ದ ಆ ದಶಕಗಳಲ್ಲಿ, ಬರೀ ಸೀನುವವನನ್ನು ರೋಗಿ ಎಂದು ಎಣಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಅದು ತಪ್ಪೂ ಅಲ್ಲ. ಅಲರ್ಜಿಯಿಂದ ಸೋರುವ ಮೂಗು ಸಾವು ತರುವುದಿಲ್ಲ. ನಿದ್ದೆ ಕೆಡಿಸುತ್ತದೆ, ಮಕ್ಕಳ ಓದು ಕೆಡಿಸುತ್ತದೆ, ಬಹಳ ಮಂದಿಯಲ್ಲಿ ಆಸ್ತಮಾದ ಜೊತೆಗಾರನಾಗಿ ಇರುತ್ತದೆ. ಇವು ಎಕ್ಸ್‌ರೇಯಲ್ಲಿ ಕಾಣುವಂಥ ನೋವುಗಳಲ್ಲ.

ಇಂಗ್ಲೆಂಡಿನಲ್ಲಿ ಇದನ್ನು ರೋಗ ಎಂದು ಮೊದಲು ಬರೆದಿಟ್ಟವನು ಅದನ್ನು ಅನುಭವಿಸಿದವನೇ. ಜಾನ್ ಬಾಸ್ಟಾಕ್ ಎಂಬ ವೈದ್ಯ 1819ರಲ್ಲಿ, ಪ್ರತಿ ಬೇಸಿಗೆಯೂ ತನ್ನ ಕಣ್ಣು ಮೂಗುಗಳಿಗೆ ಬರುತ್ತಿದ್ದ ಕಾಟವನ್ನು ವೈದ್ಯರ ಸಭೆಯ ಮುಂದಿಟ್ಟ. ಕಾರಣ ಬಿಸಿಲು ಎಂದು ಅವನ ಊಹೆ. ಅದನ್ನು ಮುರಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಇವನೂ ಸೀನುವವನೇ. ಒಣಗಿಸಿಟ್ಟ ಹುಲ್ಲಿನ ಪರಾಗವನ್ನು ಅದರ ಕಾಲವಲ್ಲದ ಕಾಲದಲ್ಲಿ ತನ್ನ ಮೂಗಿಗೇ ಏರಿಸಿಕೊಂಡ; ಚರ್ಮ ಗೀರಿ ಅದರ ಮೇಲೆ ಪರಾಗ ಹಚ್ಚಿ ಊತವನ್ನು ನೋಡಿದ; ಅಂಟು ಬಳಿದ ಗಾಜುಗಳನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ ಎತ್ತರದ ಗಾಳಿಯಲ್ಲೂ ಪರಾಗವಿದೆ ಎಂದು ತೋರಿಸಿದ. 1873ರಲ್ಲಿ ಅವನ ಪುಸ್ತಕ ಬಂತು. ಬೆಂಗಳೂರಿನ ಗಾಳಿಯಲ್ಲಿ ಪಾರ್ಥೇನಿಯಂ ಎಣಿಸಿದವರು ಅನುಸರಿಸಿದ್ದೂ, ಇಂದು ಅಲರ್ಜಿ ಕ್ಲಿನಿಕ್ಕಿನಲ್ಲಿ ಮುಂಗೈಯ ಮೇಲೆ ಸಾಲಾಗಿ ಹನಿ ಇಟ್ಟು ಚುಚ್ಚುವುದೂ ಇದೇ ದಾರಿಯನ್ನು.

ಕಾರಣ ಸಿಕ್ಕಿದ ಮೇಲೆ ಮದ್ದು. 1911ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಲೆನರ್ಡ್ ನೂನ್, ಹುಲ್ಲಿನ ಪರಾಗದ ಸಾರವನ್ನು ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ ಏರಿಸುತ್ತ ಏರಿಸುತ್ತ ಚರ್ಮದಡಿ ಚುಚ್ಚಿದರೆ ದೇಹ ಅದನ್ನು ಸಹಿಸಲು ಕಲಿಯುತ್ತದೆ ಎಂದು ಪ್ರಕಟಿಸಿದ. ಎರಡು ವರ್ಷಕ್ಕೆ ನೂನ್ ಕ್ಷಯದಿಂದ ತೀರಿಕೊಂಡ. ಜೊತೆಗಾರ ಜಾನ್ ಫ್ರೀಮನ್ ಕೆಲಸ ಮುಂದುವರಿಸಿದ. ಸೂಜಿ ಜಗತ್ತೆಲ್ಲ ಹರಡಿತು. ಆದರೆ ಅದು ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ನಲವತ್ತು ವರ್ಷ ಸಿಗುತ್ತಿದ್ದ ಉತ್ತರ ‘ನಮ್ಮ ರೋಗಿಗಳು ಹಾಗೆ ಹೇಳುತ್ತಾರೆ’ ಎಂಬುದಷ್ಟೇ.

ಅದೇ ಆಸ್ಪತ್ರೆಯ ವಿಲಿಯಂ ಫ್ರಾಂಕ್ಲೆಂಡ್, ರೋಸಾ ಆಗಸ್ಟಿನ್ ಜೊತೆಗೂಡಿ 1954ರಲ್ಲಿ ಇದಕ್ಕೊಂದು ಕಡಿವಾಣ ಹಾಕಿದರು. ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಪರಾಗದ ನಿಜವಾದ ಸಾರ, ಕೆಲವರಿಗೆ ಮುಖ್ಯ ಪ್ರೋಟೀನೇ ಇಲ್ಲದ ದ್ರವ ಚುಚ್ಚಿದರು. ನಿಜವಾದ ಸಾರ ಪಡೆದವರಲ್ಲಿ ಬಹುಪಾಲು ಮಂದಿಗೆ ಆ ಬೇಸಿಗೆ ಹಗುರವಾಯಿತು. ಗಮನಿಸಬೇಕಾದದ್ದು ಇನ್ನೊಂದು ಗುಂಪನ್ನು: ಮದ್ದಿಲ್ಲದ ಮದ್ದು ಪಡೆದವರಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಮಂದಿ ‘ವಾಸಿ’ ಎಂದರು. ಪರಾಗ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಮಳೆ ಬಂದರೆ ಗಾಳಿ ತೊಳೆದುಹೋಗುತ್ತದೆ. ಡಾಕ್ಟರು ಕಾಳಜಿಯಿಂದ ನೋಡಿದರೇ ಅರ್ಧ ನೋವು ಇಳಿಯುತ್ತದೆ. ಸೀನಿನ ಯಾವ ಮದ್ದನ್ನೂ ಹೋಲಿಕೆಯ ಗುಂಪಿಲ್ಲದೆ ನಂಬಕೂಡದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಭಾರತ ಈ ಪಾಠವನ್ನು ಬೇಗ ಕಲಿಯಿತು, ಅದೂ ಒಂದು ನಾಟಿ ಎಲೆಯ ಮೂಲಕ. ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ಡಿ.ಎನ್. ಶಿವಪುರಿ ಆಸ್ತಮಾ ಮತ್ತು ಅಲರ್ಜಿಯ ಮೂಗಿಗೆ ಆಡುಮುಟ್ಟದ ಬಳ್ಳಿಯ ಎಲೆಯನ್ನು ಪರೀಕ್ಷಿಸಿದರು. ರೋಗಿ ದಿನಕ್ಕೊಂದು ಎಲೆಯಂತೆ ಆರು ದಿನ ಅಗಿಯಬೇಕು. ಯಾರಿಗೆ ನಿಜವಾದ ಎಲೆ, ಯಾರಿಗೆ ಬರೀ ತೋರಿಕೆಯದು ಎಂಬುದು ರೋಗಿಗೂ ತಿಳಿಯದು, ನೋಡುವ ವೈದ್ಯನಿಗೂ ತಿಳಿಯದು. ಆಮೇಲೆ ಗುಂಪುಗಳ ಅದಲುಬದಲು. 1969ರಲ್ಲಿ ಅಮೆರಿಕದ ಅಲರ್ಜಿ ಪತ್ರಿಕೆಯೊಂದು ಇದನ್ನು ಪ್ರಕಟಿಸಿತು. ಎಲೆಯಿಂದ ಗುಣ ಕಂಡಿತು. ಜೊತೆಗೆ ಬಾಯಿಹುಣ್ಣು, ವಾಂತಿ, ಉಪ್ಪಿನ ರುಚಿ ಹೋಗುವುದು. ಈ ಎಲೆ ಮುಂದೆ ದೊಡ್ಡ ಮದ್ದಾಗಲಿಲ್ಲ. ಆದರೂ ನಾಟಿ ವೈದ್ಯದ ಎಲೆಗೆ ಲಂಡನ್ನಿನ ಸೂಜಿಗೆ ಹಾಕಿದ ಅದೇ ಅಳತೆಗೋಲನ್ನು ಹಾಕಿದ್ದು ಗೌರವದ ಕೆಲಸ. ಮೂರು ದಶಕದ ಮೇಲೆ ಬೆಂಗಳೂರಿನ ನ್ಯಾಚುರಲ್ ರೆಮಿಡೀಸ್ ಸಂಸ್ಥೆ ತ್ರಿಫಲ, ತ್ರಿಕಟುಗಳ ಆರು ದ್ರವ್ಯಗಳಿಗೆ ಶಿರೀಷದ ತೊಗಟೆ ಸೇರಿಸಿ ಮಾಡಿದ ಅಲರ್-7 ಎಂಬ ಮಿಶ್ರಣವನ್ನೂ ಹಲವು ಆಸ್ಪತ್ರೆಗಳಲ್ಲಿ ಹುಸಿಮಾತ್ರೆಯ ಎದುರು ನಿಲ್ಲಿಸಲಾಯಿತು. ಫಲಿತಾಂಶಗಳು 2004ರ ಸುಮಾರಿಗೆ ಪ್ರಕಟವಾದವು. ಮನೆಯ ಕಷಾಯದ ಶುಂಠಿ, ಮೆಣಸು, ಹಿಪ್ಪಲಿ ಹೀಗೆ ಪ್ರಯೋಗದ ಕಟಕಟೆ ಹತ್ತಿದವು.

ಬೆಂಗಳೂರಿನ ಪ್ರಯೋಗಾಲಯದಲ್ಲಿ ಆ ಹೊತ್ತಿಗೆ ಕಾಂಗ್ರೆಸ್ ಗಿಡದ ಮೊಕದ್ದಮೆ ಬಿಗಿಯಾಗಿತ್ತು. 1991ರಲ್ಲಿ ಪಿ. ಶ್ರೀರಾಮರಾವ್, ಸುಬ್ಬರಾವ್ ಮತ್ತಿತರರ ಪ್ರಬಂಧ ಹೊರಬಂತು. ಊರಿನಲ್ಲಿ ಅಲರ್ಜಿಯ ಮೂಗಿನ ತೊಂದರೆಯಿಂದ ಬಂದ ರೋಗಿಗಳಲ್ಲಿ ನೂರಕ್ಕೆ 34, ಆಸ್ತಮಾ ರೋಗಿಗಳಲ್ಲಿ ನೂರಕ್ಕೆ 12 ಮಂದಿಯ ಚರ್ಮ ಪಾರ್ಥೇನಿಯಂ ಪರಾಗದ ಚುಚ್ಚುಪರೀಕ್ಷೆಗೆ ಊದಿಕೊಂಡಿತು. ರಕ್ತದಲ್ಲಿ ಅದಕ್ಕೆಂದೇ ಹುಟ್ಟಿದ ಐಜಿಇ ಪ್ರತಿಕಾಯವೂ ಸಿಕ್ಕಿತು. ಈ ಕಾಯಿಲೆಗೆ ಅವರು ‘ಪಾರ್ಥೇನಿಯಂ ರೈನೈಟಿಸ್’ ಎಂದೇ ಹೆಸರಿಟ್ಟರು. ಇಂಗ್ಲಿಷರ ಪುಸ್ತಕದಲ್ಲಿಲ್ಲದ, ನಮ್ಮ ರಸ್ತೆಬದಿಯಲ್ಲಿ ಹುಟ್ಟಿದ ರೋಗ. 1993ರಲ್ಲಿ ಇನ್ನೊಂದು ಅಚ್ಚರಿ. ಅಮೆರಿಕದ ಕುಖ್ಯಾತ ಅಲರ್ಜಿ ಗಿಡ ರ‍್ಯಾಗ್‌ವೀಡನ್ನು ಜನ್ಮದಲ್ಲಿ ಕಾಣದ ಇಲ್ಲಿನ ಪಾರ್ಥೇನಿಯಂ ರೋಗಿಗಳ ಚರ್ಮ, ಆ ಗಿಡದ ಪರಾಗಕ್ಕೂ ಊದಿಕೊಂಡಿತು. ಎರಡೂ ಸೂರ್ಯಕಾಂತಿಯ ಕುಟುಂಬದವು; ದೇಹ ಅವುಗಳ ನಂಟನ್ನು ಗುರುತಿಸಿತ್ತು. 1996ರಲ್ಲಿ ಪಾರ್ಥೇನಿಯಂ ಪರಾಗದ ಮುಖ್ಯ ಅಪರಾಧಿ ಪ್ರೋಟೀನೂ ಪತ್ತೆಯಾಯಿತು. ಮದ್ದಿನ ಸೂಜಿಯಲ್ಲಿ ಏನಿರಬೇಕು ಎಂಬುದಕ್ಕೆ ಈಗ ಗುರಿ ಇತ್ತು.

ಗಿಡವನ್ನೇ ತೆಗೆದುಹಾಕುವ ಪ್ರಯತ್ನವೂ ಜೊತೆಜೊತೆಗೆ ನಡೆದಿತ್ತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ.ಪಿ. ಜಯಂತ್ ಮೆಕ್ಸಿಕೊದಿಂದ ತರಿಸಿದ, ಈ ಎಲೆಯನ್ನೇ ತಿಂದು ಬದುಕುವ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಸೂರ್ಯಕಾಂತಿಯ ಮೇಲೂ ಕಂಡಾಗ ರೈತರು ಗಾಬರಿಯಾದರು, ವಿವಾದ ವರ್ಷಗಟ್ಟಲೆ ಎಳೆಯಿತು. ಭತ್ತದ ತಳಿವಿಜ್ಞಾನಿ ಎಂ. ಮಹದೇವಪ್ಪ ಹಿಡಿದದ್ದು ಬೇರೆ ದಾರಿ: ನಮ್ಮ ತಗಚೆಯ ಬಂಧುವಾದ ಕ್ಯಾಸಿಯಾ ಗಿಡವನ್ನು ಬಿತ್ತಿ, ಅದರ ಪೈಪೋಟಿಯಿಂದ ಪಾರ್ಥೇನಿಯಂ ಅನ್ನು ನೆಲದಿಂದ ಒಕ್ಕಲೆಬ್ಬಿಸುವುದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1997ರ ಅಕ್ಟೋಬರಿನಲ್ಲಿ, ಪಾರ್ಥೇನಿಯಂ ನಿರ್ವಹಣೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನವನ್ನು ಅವರು ಅಲ್ಲೇ ನಡೆಸಿದರು. ಚಾಮರಾಜನಗರದ ಮಾದಾಪುರದಲ್ಲಿ ಹುಟ್ಟಿ ಪದ್ಮಭೂಷಣದವರೆಗೆ ಏರಿದ ಅವರು 2021ರ ಮಾರ್ಚಿನಲ್ಲಿ ಮೈಸೂರಿನಲ್ಲಿ ನಿಧನರಾದರು. ಕಳೆ ಕೀಳುವುದನ್ನು ರೈತರ ಕೆಲಸವೆಂದು ಮಾತ್ರ ನೋಡಿದರೆ ಇಂಥವರ ದುಡಿಮೆಯ ಅರ್ಧ ಬೆಲೆಯಷ್ಟೇ ತಿಳಿಯುತ್ತದೆ. ಹೂಬಿಡುವ ಮೊದಲು ಕಿತ್ತ ಪ್ರತಿ ಗಿಡವೂ ಯಾರದೋ ಮೂಗಿಗೆ ಕೊಟ್ಟ ಮದ್ದು.

ಅಂಗಡಿಯ ಮಾತ್ರೆಗಳ ಚರಿತ್ರೆಯನ್ನು ಚುರುಕಾಗಿ ಮುಗಿಸಬಹುದು, ಆದರೆ ಅದರಲ್ಲಿ ಎರಡು ಎಚ್ಚರಿಕೆಗಳಿವೆ. 1937ರಲ್ಲಿ ಪ್ಯಾರಿಸ್ಸಿನಲ್ಲಿ ಡೇನಿಯಲ್ ಬೋವೆ ಮತ್ತು ಆನ್-ಮರಿ ಸ್ಟೌಬ್ ಸೀನು, ನವೆ ತರುವ ಹಿಸ್ಟಮಿನ್ ಎಂಬ ದೇಹದ್ರವ್ಯವನ್ನು ತಡೆಯುವ ಮೊದಲ ರಾಸಾಯನಿಕಗಳನ್ನು ಕಂಡುಹಿಡಿದರು. ಹಳೆಯ ಮಾತ್ರೆಗಳು ಸೀನು ನಿಲ್ಲಿಸುವ ಜೊತೆಗೆ ತೂಕಡಿಕೆ ತರುತ್ತಿದ್ದವು. ನಿದ್ದೆ ತರಿಸದ ಟರ್ಫೆನಡಿನ್ ಬಂದಾಗ ಜಗತ್ತು ಹಿಗ್ಗಿತು. ಕೆಲವು ಮದ್ದುಗಳ ಜೊತೆ ಸೇರಿದರೆ ಅದು ಹೃದಯದ ಬಡಿತ ತಪ್ಪಿಸುತ್ತದೆ ಎಂದು ತಿಳಿದು 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಹಿಂತೆಗೆಯಲಾಯಿತು. ನಮ್ಮಲ್ಲಿ ಇಂದು ಚೀಟಿಗಳಲ್ಲಿ ಮತ್ತೆ ಮತ್ತೆ ಕಾಣುವ ಮಾಂಟೆಲುಕಾಸ್ಟ್ ಬಗ್ಗೆ, ಮನಸ್ಸಿನ ಮೇಲಾಗಬಹುದಾದ ಪರಿಣಾಮಗಳ ಕಾರಣಕ್ಕೆ, ಅಮೆರಿಕದ ಔಷಧ ಆಡಳಿತ 2020ರ ಮಾರ್ಚಿನಲ್ಲಿ ತನ್ನ ಅತಿ ಗಟ್ಟಿ ಎಚ್ಚರಿಕೆ ಕೊಟ್ಟಿತು; ಬರೀ ಮೂಗಿನ ಅಲರ್ಜಿಗಾದರೆ ಬೇರೆ ಮದ್ದು ಒಗ್ಗದವರಿಗೆ ಮಾತ್ರ ಕೊಡಿ ಎಂದಿತು. ಔಷಧಿ ಅಂಗಡಿಯಲ್ಲಿ ‘ಅಲರ್ಜಿ ಮಾತ್ರೆ ಕೊಡಿ’ ಎಂದು ಕೇಳಿ ಕೊಳ್ಳುವ ಊರಿನಲ್ಲಿ ಈ ಮಾತು ಇನ್ನೂ ಜೋರಾಗಿ ಕೇಳಿಸಬೇಕು.

ಮೂಗಿಗೇ ಹೊಡೆಯುವ ಸ್ಟೀರಾಯ್ಡ್ ಸ್ಪ್ರೇಗಳು 1970ರ ದಶಕದಲ್ಲಿ ಬಂದವು. ಇಲ್ಲಿ ಭಾರತದ ಪಾತ್ರ ದೊಡ್ಡದು. ಸಿಪ್ಲಾ ಕಂಪನಿ ಹಿಸ್ಟಮಿನ್ ತಡೆಯುವ ಅಜಿಲಾಸ್ಟಿನ್ ಮತ್ತು ಸ್ಟೀರಾಯ್ಡ್ ಆದ ಫ್ಲುಟಿಕಸೋನ್ ಎರಡನ್ನೂ ಒಂದೇ ಸೀಸೆಗೆ ತುಂಬಿ ಡುಯೊನೇಸ್ ಎಂಬ ಹೆಸರಿನಲ್ಲಿ 2004ರಲ್ಲೇ ಇಲ್ಲಿ ಮಾರಾಟಕ್ಕೆ ಬಿಟ್ಟಿತು. ಈ ಜೋಡಿಯನ್ನು ಒರೆಗೆ ಹಚ್ಚಿದ್ದು ಅಮೆರಿಕದಲ್ಲಿ. ಮೊದಲು ಟೆಕ್ಸಾಸಿನ ಸೀಡರ್ ಮರಗಳ ಪರಾಗದ ಕಾಲದಲ್ಲಿ ಎರಡು ಮದ್ದನ್ನೂ ಬೇರೆ ಬೇರೆ ಸೀಸೆಯಿಂದ ಒಟ್ಟಿಗೆ ಕೊಟ್ಟು ನೋಡಿದರು; ಆಮೇಲೆ ಒಂದೇ ಸೀಸೆಯ ಮದ್ದನ್ನು 3,398 ಜನರ ಮೇಲೆ ಮೂರು ದೊಡ್ಡ ಪ್ರಯೋಗಗಳಲ್ಲಿ ಪರೀಕ್ಷಿಸಿದರು. ಜೋಡಿ ಮದ್ದು ಬಿಡಿ ಮದ್ದುಗಳೆರಡನ್ನೂ ಮೀರಿಸಿತು, 2012ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಎಂಟು ವರ್ಷ ಮೊದಲೇ ನಮ್ಮ ಅಂಗಡಿಗಳಲ್ಲಿದ್ದ ಮದ್ದಿನ ಬಗ್ಗೆ ಜಗತ್ತು ನೆಚ್ಚಿದ ಸಾಕ್ಷ್ಯ ಹುಟ್ಟಿದ್ದು ಬೇರೆ ನೆಲದ ಪರಾಗದಲ್ಲಿ.

ಮೈಸೂರಿನಲ್ಲಿ ಅಲರ್ಜಿಯನ್ನು ಎಣಿಸಿ ಅಳೆಯುವ ಕೆಲಸ ಗಟ್ಟಿಯಾದದ್ದು ಈ ಶತಮಾನದಲ್ಲಿ, ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಎದೆರೋಗ ತಜ್ಞ ಪಿ.ಎ. ಮಹೇಶ್ ಮತ್ತು ಅವರ ಬಳಗದ ಕೈಯಲ್ಲಿ. ಊರಿನಲ್ಲೇ ಇರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವೆಂಕಟೇಶ್ ಅವರ ಜೊತೆಗೂಡಿ ಬದನೆಕಾಯಿಯ ಅಲರ್ಜಿಯನ್ನು ಹುಡುಕಿದ್ದು ಒಂದು ಸೊಗಸಾದ ಉದಾಹರಣೆ. ಬದನೆಕಾಯಿ ತಿಂದರೆ ನವೆ ಎಂದು ನಮ್ಮ ಅಜ್ಜಿಯರು ಹೇಳುತ್ತಲೇ ಬಂದಿದ್ದಾರೆ. 2008ರಲ್ಲಿ ಪ್ರಕಟವಾದ ಆ ಅಧ್ಯಯನ 741 ಜನರನ್ನು ಪರೀಕ್ಷಿಸಿ, ನೂರಕ್ಕೆ 9ಕ್ಕೂ ಹೆಚ್ಚು ಮಂದಿ ಅದಕ್ಕೆ ಸ್ಪಂದಿಸುವುದನ್ನು ಕಂಡಿತು, ಹೆಂಗಸರೇ ಹೆಚ್ಚು. ಮುಂದೆ ಮಕ್ಕಳ ಆಸ್ತಮಾ ಮತ್ತು ಅಲರ್ಜಿಯ ಜಾಗತಿಕ ಲೆಕ್ಕ ಹಾಕಿದ ಗ್ಲೋಬಲ್ ಆಸ್ತಮಾ ನೆಟ್‌ವರ್ಕ್‌ಗೆ ಭಾರತದ ಒಂಬತ್ತು ನಗರಗಳಲ್ಲಿ ಮೈಸೂರೂ ಒಂದಾಯಿತು. 45 ಸಾವಿರಕ್ಕೂ ಹೆಚ್ಚು ಮಕ್ಕಳು, 81 ಸಾವಿರಕ್ಕೂ ಹೆಚ್ಚು ತಂದೆತಾಯಂದಿರು ಪ್ರಶ್ನಾವಳಿಗೆ ಉತ್ತರಿಸಿದರು. ಉಬ್ಬಸವಿದ್ದವರಲ್ಲಿ ನೂರಕ್ಕೆ 82 ಮಂದಿಗೆ ಅದು ಆಸ್ತಮಾ ಎಂದು ಯಾರೂ ಹೇಳಿಯೇ ಇರಲಿಲ್ಲ. ಉಬ್ಬಸದ ಪಾಡೇ ಹೀಗಾದರೆ ಸೋರುವ ಮೂಗನ್ನು ಕೇಳುವವರಾರು?

2010ರಲ್ಲಿ ಇದೇ ಬಳಗ, ಅಮೆರಿಕದ ಅಲರ್ಜಿ ತಜ್ಞ ಪಿ.ಕೆ. ವೇದಾಂತನ್ ಅವರೊಂದಿಗೆ, ಎರಡು ಪ್ರಶ್ನೆಗಳನ್ನು ಕೈಗೆತ್ತಿಕೊಂಡಿತು. ಹಳ್ಳಿಯಲ್ಲಿರುವವರಿಗೂ ಪೇಟೆಯಲ್ಲಿರುವವರಿಗೂ ಅಲರ್ಜಿ ತರುವ ವಸ್ತುಗಳು ಬೇರೆಯೇ ಎಂಬುದು ಒಂದು. ಎರಡನೆಯದು ನೂನ್‌ನಿಂದ ಬಂದ ಸೂಜಿಯದು: ಅಲರ್ಜಿಯ ಸೂಜಿ ಶುರುಮಾಡಿದವರು ಅದನ್ನು ನಡುವೆ ಯಾಕೆ ಬಿಟ್ಟುಬಿಡುತ್ತಾರೆ? ಮೇಲ್ನೋಟಕ್ಕೆ ಸಣ್ಣದು. ಆದರೆ ಈ ಚಿಕಿತ್ಸೆಯ ನರನಾಡಿ ಅಲ್ಲಿಯೇ ಇದೆ. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಹೀಗೆ ಮೂರರಿಂದ ಐದು ವರ್ಷ. ಪ್ರತಿ ಸಲವೂ ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು, ಏಕೆಂದರೆ ಅಪರೂಪಕ್ಕೆ ದೇಹ ಪೂರಾ ತಿರುಗಿಬೀಳಬಹುದು. ಬ್ರಿಟನ್ನಿನಲ್ಲಿ 1957ರಿಂದ 26 ಜನ ಹೀಗೆ ಸತ್ತಿದ್ದರೆಂದು 1986ರಲ್ಲಿ ಔಷಧ ಸುರಕ್ಷತಾ ಸಮಿತಿ ಹೇಳಿದ ಮೇಲೆ, ಸೂಜಿ ಹುಟ್ಟಿದ ದೇಶದಲ್ಲೇ ಅದು ಕೆಲವೇ ತಜ್ಞ ಆಸ್ಪತ್ರೆಗಳಿಗೆ ಸೀಮಿತವಾಯಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು 1999ರ, ಲಂಡನ್ನಿನ ಸ್ಟೀಫನ್ ಡರ‍್ಹಮ್ ಬಳಗದ ಪ್ರಯೋಗ: ಮೂರು, ನಾಲ್ಕು ವರ್ಷ ಸೂಜಿ ಪಡೆದವರಿಗೆ, ಅದನ್ನು ನಿಲ್ಲಿಸಿ ಮೂರು ವರ್ಷವಾದ ಮೇಲೂ ಆರಾಮ ಉಳಿದಿತ್ತು. ಹಿಸ್ಟಮಿನ್ ತಡೆಯುವ ಯಾವ ಮಾತ್ರೆಯೂ ಇದನ್ನು ಮಾಡಲಾರದು. ಆದರೆ ನಂಜನಗೂಡಿನಿಂದಲೋ ಹುಣಸೂರಿನಿಂದಲೋ ಬಸ್ಸು ಹಿಡಿದು ಬರುವ, ಬಂದ ದಿನದ ಕೂಲಿ ಬಿಡುವ ಮನುಷ್ಯ ಹತ್ತನೆಯ ಸೂಜಿಗೆ ತಪ್ಪಿಸಿಕೊಂಡರೆ ಲಂಡನ್ನಿನ ಸಾಕ್ಷ್ಯ ಅವನಿಗೆ ಉಪಯೋಗಕ್ಕೆ ಬಾರದು. ಮದ್ದು ಕೆಲಸ ಮಾಡುತ್ತದೆಯೇ ಎಂದು ಕೇಳಿದ ಮೇಲೆ, ಈ ಊರಿನ ಮನುಷ್ಯ ಅದನ್ನು ತೆಗೆದುಕೊಳ್ಳಬಲ್ಲನೇ ಎಂದೂ ಕೇಳಲೇಬೇಕಿತ್ತು. ಮೈಸೂರು ಅದನ್ನು ಕೇಳಿತು.

ಇನ್ನೊಂದು ತೊಡಕು ಉಳಿದಿದೆ. ಅದು ಕಾಲದ ಲೆಕ್ಕ. ಇಂಗ್ಲೆಂಡಿನಲ್ಲಿ ಹುಲ್ಲು ಹೂಬಿಡುವ ವಾರಗಳು ಗೊತ್ತು. ಪ್ರಯೋಗ ಅಂದು ಶುರು, ಇಂದು ಮುಗಿಯಿತು ಎನ್ನಬಹುದು. ಪಾರ್ಥೇನಿಯಂ ನೀರು ಸಿಕ್ಕಾಗಲೆಲ್ಲ ಮೊಳೆತು, ಒಂದೆರಡು ತಿಂಗಳಿಗೆ ಹೂಬಿಡುತ್ತದೆ. ಮೇ ತಿಂಗಳ ಮಳೆಗೆ ಒಂದು ಬೆಳೆ, ಮುಂಗಾರಿಗೆ ಒಂದು, ಹಿಂಗಾರಿಗೆ ಮತ್ತೊಂದು. ಚರಂಡಿಯ ಪಕ್ಕದ್ದು ವರ್ಷವಿಡೀ. 1999ರಲ್ಲಿ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಸೇರಿ 2001ರಲ್ಲಿ ವರದಿ ಕೊಟ್ಟ ಏರಿಯಾ (ARIA) ಎಂಬ ಅಲರ್ಜಿ ತಜ್ಞರ ಗುಂಪು ಋತುವಿನ ಅಲರ್ಜಿ, ವರ್ಷವಿಡೀ ಅಲರ್ಜಿ ಎಂಬ ಹಳೆಯ ವಿಂಗಡಣೆಯನ್ನು ಕೈಬಿಟ್ಟು, ವಾರಕ್ಕೆ ಎಷ್ಟು ದಿನ, ಸತತ ಎಷ್ಟು ವಾರ ಎಂದು ಎಣಿಸತೊಡಗಿತು. ನಮ್ಮಂಥ ಊರುಗಳಿಗೆ ಅದೇ ಸರಿಹೊಂದುವ ಲೆಕ್ಕ. ಆದರೆ ಪರಾಗದ ಮದ್ದುಗಳಿಗೆ ಋತುವಿನ ಹಂಗು ತಪ್ಪಿಲ್ಲ. ರ‍್ಯಾಗ್‌ವೀಡ್‌ಗೆಂದು 2014ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆ ಸೂಜಿಯ ಓಡಾಟವನ್ನು ತಪ್ಪಿಸುತ್ತದೆ. ಮೊದಲ ಮಾತ್ರೆ ವೈದ್ಯರ ಮುಂದೆ, ಉಳಿದದ್ದೆಲ್ಲ ಮನೆಯಲ್ಲಿ. ಅದನ್ನು ಪರಾಗದ ಕಾಲ ಬರುವ 12 ವಾರ ಮೊದಲೇ ಶುರುಮಾಡಬೇಕು. ರ‍್ಯಾಗ್‌ವೀಡಿನ ನಂಟ ಕಾಂಗ್ರೆಸ್ ಗಿಡಕ್ಕೆ ಅಂಥದೇ ಮಾತ್ರೆಯನ್ನು ಮೈಸೂರಿನಲ್ಲಿ ಪರೀಕ್ಷಿಸಬೇಕೆಂದರೆ, ಆ 12 ವಾರವನ್ನು ಯಾವ ಮಳೆಯಿಂದ ಹಿಂದಕ್ಕೆ ಎಣಿಸಬೇಕು ಎಂಬುದನ್ನು ಮೊದಲು ಈ ಊರಿನ ಗಾಳಿಯಲ್ಲೇ, ದಿನದಿನದ ಪರಾಗದ ಎಣಿಕೆಯಿಂದ, ಕಂಡುಕೊಳ್ಳಬೇಕು.